ಹೇಳಿ ಹೋದವನು

ಜನವರಿ 5, 2025, ಭಾನುವಾರ

ಈ ಪುಸ್ತಕ ಶಹಲಾ ಕೊಟ್ಟದ್ದು. ಮಗಳು ಮೂಡುಬಿದಿರೆಯಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಅವಳೂ ಅವಳ ಗೆಳತಿ ವಿಸ್ಮಿತಾಳೂ ಸೇರಿ 'ಒಂದು ದಿನ ನಮ್ಮೂರಲ್ಲಿ' ಅಂತ ಮೊಬೈಲಿನಲ್ಲಿ ಒಂದು ಪೇಜು ಮಾಡಿದ್ದಾರೆ. ಪೇಟೆಯವರನ್ನು ಬೆಳಿಗ್ಗೆ ಹತ್ತಿಸಿಕೊಂಡು ಬಸದಿ, ತೋಟ, ತೊರೆ, ಸಿಕ್ಕಿದರೆ ಒಂದು ಊರಹಬ್ಬ ತೋರಿಸಿ ಸಂಜೆ ವಾಪಸು ಬಿಡುವುದು. ಗಾಡಿ ನನ್ನ ಹಳೆಯ ಇಕೋ ವ್ಯಾನು. ಡ್ರೈವರೂ ನಾನೇ, ಗೈಡೂ ನಾನೇ. "ಉಪ್ಪಾ, ನೋಡಿದ್ದನ್ನೆಲ್ಲ ಇದರಲ್ಲಿ ಬರೆದಿಡಿ, ಮುಂದಿನ ಸಲ ಹೇಳ್ಲಿಕ್ಕೆ ಆಗ್ತದೆ" ಅಂದಳು. ಬರೆಯಲು ಕುಳಿತರೆ ಬಸದಿಯ ಬಗ್ಗೆ ಒಂದಕ್ಷರ ಬರುತ್ತಿಲ್ಲ, ನನ್ನ ಬಗ್ಗೆಯೇ ಬರುತ್ತಿದೆ.

ಇಪ್ಪತ್ತಮೂರು ವರ್ಷ ಸೌದಿಯ ಜುಬೈಲಿನಲ್ಲಿ ಒಂದು ದೊಡ್ಡ ಅಂಗಡಿಯ ಸ್ಟೋರ್‌ಕೀಪರ್ ಆಗಿದ್ದೆ. ಅಲ್ಲಿ ಪ್ರತಿಯೊಂದಕ್ಕೂ ಲೇಬಲ್ ಇತ್ತು. ಯಾರು ಏನು ಕೇಳಿದರೂ ಎಷ್ಟನೇ ಸಾಲು, ಎಷ್ಟನೇ ಹಲಗೆ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ಸೆಪ್ಟೆಂಬರಿನಲ್ಲಿ ಅಂಗಡಿ ಮುಚ್ಚಿತು, ಸಿದ್ಧಕಟ್ಟೆಗೆ ಬಂದೆ. ಇಲ್ಲಿ ಯಾವುದಕ್ಕೂ ಲೇಬಲ್ ಇಲ್ಲ. ಆದರೆ 'ಗೊತ್ತಿಲ್ಲ' ಅನ್ನುವ ಮಾತು ನನ್ನ ಬಾಯಿಗೆ ಬರುವುದೇ ಇಲ್ಲ, ಹಾಗಂದರೆ ಸ್ಟೋರ್‌ಕೀಪರನ ಮರ್ಯಾದೆ ಹೋದ ಹಾಗೆ.

ಇವತ್ತು ಸಾವಿರ ಕಂಬದ ಬಸದಿಯಲ್ಲಿ ಹಾಸನದ ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು ಕೇಳಿದರು: "ನಿಜವಾಗ್ಲೂ ಸಾವಿರ ಇದಾವೇನ್ರಿ?"

"ಒಂಬೈನೂರ ತೊಂಬತ್ತೊಂಬತ್ತು ಸಾರ್. ಒಂದು ಕಂಬ ಕಣ್ಣಿಗೆ ಕಾಣುವುದಿಲ್ಲ" ಅಂದೆ.

ಅವರು ಪೆನ್ನು ತೆಗೆದು ಎಣಿಸಲು ಶುರು ಮಾಡಿದರು. ಒಂದು ಗಂಟೆ. ಉಳಿದವರು ಬಿಸಿಲಲ್ಲಿ ಬೆಂದು ಹೋದರು. ಕೊನೆಗೆ, "ನಿಮ್ಮ ಲೆಕ್ಕ ಹೊಂದ್ತಾ ಇಲ್ವಲ್ಲ" ಅಂದರು. "ನೀವು ಒಳಗಿಂದ ಎಣಿಸಿದಿರಿ ಸಾರ್, ಹೊರಗಿಂದ ಎಣಿಸಬೇಕಿತ್ತು" ಅಂದುಬಿಟ್ಟೆ.

ಮನೆಯಲ್ಲಿ ಹೇಳಿದಾಗ ಸಮೀನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಗೊತ್ತಿಲ್ಲ ಅಂದರೆ ನಿಮ್ಮ ನಾಲಗೆ ಬಿದ್ದು ಹೋಗ್ತದಾ?" ಅಂತ ಕೇಳಿದಳು. ಹೆಂಡತಿಯರಿಗೆ ಎಷ್ಟು ನಗಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಯಾರು ಕಲಿಸುತ್ತಾರೋ.

ಜನವರಿ 12, ಭಾನುವಾರ

ವಿಟ್ಲ. ಅಡಿಕೆ ಅಂಗಡಿ ತೋರಿಸಿದೆ. ಹೊಸ ಅಡಿಕೆ ತಿಂದ ಒಬ್ಬರು ಹೆಂಗಸು ಸೊಕ್ಕಿ, ತಲೆ ತಿರುಗಿ, ಬೆವರಿ, ಅಂಗಡಿಯ ಗೋಣಿಯ ಮೇಲೆಯೇ ಮಲಗಿದರು. ಸಕ್ಕರೆ ನೀರು ಕೊಟ್ಟು ಏಳಿಸಿದೆವು. ಇದೂ ಟೂರಿನಲ್ಲೇ ಸೇರಿದೆ ಅಂತ ಅವರ ಗಂಡ ತಿಳಿದುಕೊಂಡ. ನಾನು ಅಲ್ಲ ಅನ್ನಲಿಲ್ಲ.

ಇಮ್ತಿಯಾಝ್ ಫೋನು ಮಾಡಿದ್ದ. ಜುಬೈಲಿನಲ್ಲಿ ನನ್ನ ರೂಮಿನಲ್ಲಿದ್ದವನು, ಈಗ ದಮ್ಮಾಮಿನಲ್ಲಿದ್ದಾನೆ. ಅಲ್ಲಿನ ಗೋಡೌನಿಗೆ ನನ್ನಂಥವನೇ ಬೇಕಂತೆ. ಫೆಬ್ರವರಿ 13, ಗುರುವಾರ, ಮಂಗಳೂರಿನಲ್ಲಿ ಮೆಡಿಕಲ್ ಟೆಸ್ಟ್, ಅವತ್ತೇ ಪಾಸ್‌ಪೋರ್ಟ್ ಕೊಡಬೇಕು. "ಆ ದಿನ ತಪ್ಪಿದರೆ ಬೇರೆಯವನನ್ನು ತಗೊಳ್ತಾರೆ ಮಾರಾಯ" ಅಂದ.

ಸಮೀನಾಳ ಹತ್ತಿರ, ದಮ್ಮಾಮಿಗೆ ಹೋಗುತ್ತೇನೆ ಅಂದೆ. ಶಹಲಾಳ ಹತ್ತಿರ, ಹೋಗುವುದಿಲ್ಲ ಅಂದೆ. ಎರಡೂ ಹೇಳುವಾಗ ನಿಜವೇ ಇತ್ತು.

ಜನವರಿ 19, ಭಾನುವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಬೆಂಗಳೂರಿನ ಐದು ಜನ. ಅವರಲ್ಲಿ ಸಾತ್ವಿಕಾ ಎಂಬಾಕೆ ಮೊಬೈಲನ್ನು ಕಣ್ಣಿನಿಂದ ಇಳಿಸಿದವಳೇ ಅಲ್ಲ. ನೆರಿಯದ ತೊರೆ ತೋರಿಸಲು ಕರೆದುಕೊಂಡು ಹೋದೆ. ದಾರಿಯೆಲ್ಲ ಕಾಂಕ್ರೀಟು, ಮನೆಗಳೆಲ್ಲ ಹೊಸವು. ಚಿಕ್ಕಂದಿನಲ್ಲಿ ರಜೆ ಸಿಕ್ಕಿದಾಗಲೆಲ್ಲ ತಂದೆಯ ಜೊತೆ ಬರುತ್ತಿದ್ದ ಊರು, ಒಂದು ತಿರುವೂ ಗುರುತು ಸಿಗಲಿಲ್ಲ. ತೊರೆಯ ಬದಿಯಲ್ಲಿ ನಡೆಯುತ್ತಿದ್ದಾಗ ಮೇಲಿನ ದಿಣ್ಣೆಯಿಂದ ಡೋಲಿನ ಸದ್ದು ಕೇಳಿತು. ಹತ್ತಿ ನೋಡಿದರೆ ಗದ್ದೆಯ ಮೂಲೆಯಲ್ಲಿ ಬಿದಿರಿನಿಂದ ಕಟ್ಟಿದ ಮೂರು ಅಂತಸ್ತಿನ ಒಂದು ಉಪ್ಪರಿಗೆ, ಬಣ್ಣದ ಕಾಗದ, ಬಿಳಿ ಬಟ್ಟೆಯ ಅಲಂಕಾರ. ಆಚೆ ದೊಡ್ಡ ಚಪ್ಪರ, ತುಂಬ ಜನ.

"ಸರ್, ಏನಿದು? ಹಬ್ಬಾನಾ?" ಸಾತ್ವಿಕಾ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು.

"ಹೌದು, ಊರಹಬ್ಬ. ಕೊಯ್ಲು ಮುಗಿದ ಮೇಲೆ ಮಾಡ್ತೇವೆ" ಅಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಮೂರು ಅಂತಸ್ತು ಅಂದರೆ ಭೂಮಿ, ನೀರು, ಆಕಾಶ" ಅಂತಲೂ ಸೇರಿಸಿದೆ.

ತೋಟದ ಹಿಂದಿನಿಂದ ಚಪ್ಪರಕ್ಕೆ ಹೋದೆವು. ಬಕೆಟು ಹಿಡಿದ ಒಬ್ಬರು, "ಬನ್ನಿ, ಈ ಸಾಲಿನಲ್ಲಿ ಎಲೆ ಉಂಟು, ಕೂತ್ಕೊಳ್ಳಿ" ಅಂದರು. ಯಾರು, ಎಲ್ಲಿಂದ ಅಂತ ಒಬ್ಬರೂ ಕೇಳಲಿಲ್ಲ. ಅನ್ನ, ಸಾಂಬಾರು, ಬಾಳೆಕಾಯಿ ಕಡಲೆ ಪಲ್ಯ, ಹೆಸರುಬೇಳೆ ಪಾಯಸ. ನಮ್ಮವರು ಆಹಾ ಓಹೋ ಅಂತ ಉಂಡರು. ಉಳಿದ ಸಾಲಿನವರು ಮಾತಿಲ್ಲದೆ ಉಣ್ಣುತ್ತಿದ್ದರು. ದಣಿದಿರಬೇಕು ಅಂದುಕೊಂಡೆ.

ಕೈ ತೊಳೆಯುವಲ್ಲಿ, ಹಿಂದಿನ ಜಗಲಿಯ ಬೆಂಚಿನ ಮೇಲೆ ಒಬ್ಬರು ಮುದುಕಿ ಕುಳಿತಿದ್ದರು, ಅಕ್ಕಪಕ್ಕ ಇಬ್ಬರು ಹೆಂಗಸರು. ಆಕೆ ನನ್ನನ್ನೇ ನೋಡುತ್ತಿದ್ದರು.

"ಎಲ್ಲಿಯವರು?"

"ಸಿದ್ಧಕಟ್ಟೆ."

"ಸಿದ್ಧಕಟ್ಟೆ" ಅಂತ ಆಕೆಯೂ ಅಂದರು. ಕಣ್ಣು ನನ್ನ ಮುಖದ ಮೇಲೆಯೇ ಇತ್ತು. ನಮ್ಮ ಜನರ ನಡವಳಿಕೆ ಹೇಗೆ ಅಂತ ಬೆಂಗಳೂರಿನವರಿಗೂ ಗೊತ್ತಾಗಲಿ ಅಂತ ನಾನು ಜೋರಾಗಿ, "ಊಟ ಭರ್ಜರಿ ಆಯಿತು ಅಮ್ಮ. ಹೋಗಿ ಬರ್ತೇನೆ" ಅಂದೆ.

ಪಕ್ಕದ ಹೆಂಗಸರು ಬೆಚ್ಚಿಬಿದ್ದರು. ಒಬ್ಬಳು ಬಾಯಿಗೆ ಸೆರಗು ಹಿಡಿದಳು. ಮುದುಕಿ ಮಾತ್ರ, "ಆಯ್ತು, ಬಾ" ಅಂದರು.

ಎದುರಿನ ದಾರಿ ಹತ್ತಿರ ಅಂತ ನಾನು ಮುಂದಾಗಿ ಗೇಟಿಗೆ ಬಂದೆ. ಅಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಮೇಲೆ 'ಉತ್ತರಕ್ರಿಯೆ', ಕೆಳಗೆ ಒಂದು ಫೋಟೋ. ದಪ್ಪ ಹುಬ್ಬು, ಹೆಗಲ ಮೇಲೆ ಬೈರಾಸು. ಧರ್ಣಪ್ಪಣ್ಣ, ನನ್ನ ತಂದೆಯ ಹಳೆಯ ಸ್ನೇಹಿತರು. ಎಂಬತ್ತನಾಲ್ಕು ವರ್ಷ.

ಹಿಂದಿರುಗಿ ಓಡಿ, "ಈ ದಾರಿ ಬೇಡ, ನಾಯಿ ಉಂಟು" ಅಂತ ಎಲ್ಲರನ್ನೂ ತೊರೆಯ ದಾರಿಯಲ್ಲೇ ಕರೆದುಕೊಂಡು ಬಂದೆ. ಇಡೀ ದಿನ ಹೇಳಿದ ಸುಳ್ಳುಗಳಲ್ಲಿ ಬುದ್ಧಿ ಇದ್ದು ಹೇಳಿದ್ದು ಅದೊಂದೇ.

ಜನವರಿ 20

ಧರ್ಣಪ್ಪಣ್ಣ ತೀರಿಕೊಂಡಿದ್ದಾರೆ. ನಾನು ಪಾಯಸ ಎರಡು ಸಲ ಹಾಕಿಸಿಕೊಂಡೆ.

ಜನವರಿ 22, ಬುಧವಾರ

ವಿಸ್ಮಿತಾ ಮನೆಗೆ ಬಂದಿದ್ದಳು. ಅವಳು ಬೆಳ್ತಂಗಡಿಯ ಕಡೆಯವಳು, ಇಂಥದ್ದೆಲ್ಲ ಗೊತ್ತು. ಮೊಬೈಲು ತೋರಿಸಿದಳು. ಸಾತ್ವಿಕಾ ವಿಡಿಯೋ ಹಾಕಿದ್ದಾಳೆ: ಹಳ್ಳಿ ಹಬ್ಬ, ಬಾಳೆಎಲೆ ಊಟ. ಉಪ್ಪರಿಗೆ ಕಾಣುತ್ತದೆ, ಅದರ ಮೇಲೆ ನನ್ನ ದನಿ: ಭೂಮಿ, ನೀರು, ಆಕಾಶ.

"ಅಂಕಲ್, ಅದು ಬೊಜ್ಜದ ಉಪ್ಪರಿಗೆ, ಉತ್ತರಕ್ರಿಯೆಯದ್ದು. ತುಂಬ ಹಿರಿಯರು ಹೋದರೆ ಹದಿಮೂರನೇ ದಿನಕ್ಕೆ ಹಾಗೆ ಕಟ್ತಾರೆ. ಈಗ ಅಪರೂಪ" ಅಂದಳು. ಆಮೇಲೆ ನಾನು ಹೊರಡುವಾಗ ಏನು ಹೇಳಿದೆ ಅಂತ ಕೇಳಿ ತಲೆ ಮೇಲೆ ಕೈ ಹೊತ್ತಳು. "ಬೊಜ್ಜದ ಮನೆಯಿಂದ ಯಾರೂ ಹೇಳಿ ಹೋಗುವುದಿಲ್ಲ ಅಂಕಲ್. ಕೈ ತೊಳೆದು ಸುಮ್ಮನೆ ಹೋಗುವುದು. 'ಹೋಗಿ ಬರ್ತೇನೆ' ಅಂದರೆ ಇಂಥದ್ದೇ ಊಟಕ್ಕೆ ಇನ್ನೊಮ್ಮೆ ಬರ್ತೇನೆ ಅಂದ ಹಾಗೆ."

ಅಂದರೆ ನಾನು ಗಂಡನನ್ನು ಕಳೆದುಕೊಂಡ ಸೇಸಮ್ಮನ ಮುಖ ನೋಡಿ ಹಾಗೆ ಹೇಳಿದ್ದೇನೆ. ಬೆಂಚಿನಲ್ಲಿದ್ದ ಮುದುಕಿ ಧರ್ಣಪ್ಪಣ್ಣನ ಹೆಂಡತಿ ಸೇಸಮ್ಮ ಅಂತಲೂ ಅವತ್ತು ನನಗೆ ಹೊಳೆಯಲಿಲ್ಲ.

ನನ್ನ ತಂದೆ ಮೊಯಿದಿನಬ್ಬ ಗುರುವಾರ ಗುರುವಾರ ನೆರಿಯಕ್ಕೆ ಕರಿಮೆಣಸು, ಗೇರುಬೀಜ ಖರೀದಿಗೆ ಹೋಗುತ್ತಿದ್ದರು. ರಜೆ ಇದ್ದರೆ ನಾನೂ ಜೊತೆಗೆ. ಮೊದಲು ನಿಲ್ಲುವುದು ಧರ್ಣಪ್ಪಣ್ಣನ ಮನೆಯಲ್ಲಿ. ವ್ಯಾಪಾರದ ಮಾತಿಗೆ ಮುಂಚೆ ಸೇಸಮ್ಮ ಬೆಲ್ಲ, ನೀರು ತಂದಿಡುತ್ತಿದ್ದರು. ಒಂದು ತುಂಡು ಬಾಯಿಗೆ, ಒಂದು ಚಡ್ಡಿಯ ಜೇಬಿಗೆ. ಧರ್ಣಪ್ಪಣ್ಣನಿಗೆ ನನ್ನ ಹೆಸರು ಹೇಳಲು ಬರುತ್ತಿರಲಿಲ್ಲ, "ಅಸ್ರಪು" ಅನ್ನುತ್ತಿದ್ದರು. 2001ರಲ್ಲಿ ಸೌದಿಗೆ ಹೊರಡುವ ಮುಂಚೆ ಅಲ್ಲಿಗೆ ಹೋಗಿ, "ಹೋಗಿ ಬರ್ತೇನೆ" ಅಂತ ಇಬ್ಬರಿಗೂ ಹೇಳಿ ಬಂದಿದ್ದೆ. ಆಮೇಲೆ ಹನ್ನೊಂದು ಸಲ ರಜೆಯಲ್ಲಿ ಬಂದೆ. ಮದುವೆ, ಮನೆ ಕಟ್ಟುವುದು, ಆಸ್ಪತ್ರೆ. ನೆರಿಯ ಒಮ್ಮೆಯೂ ಇಲ್ಲ.

ತಂದೆ ತೀರಿಕೊಂಡಾಗ ನಾನು ಜುಬೈಲಿನಲ್ಲಿದ್ದೆ. ಧರ್ಣಪ್ಪಣ್ಣ ಎರಡು ಬಸ್ಸು ಬದಲಿಸಿ ಬಂದು, ದಫನ ಮುಗಿಯುವ ತನಕ ಮಸೀದಿಯ ಹೊರಗೆ ನಿಂತು, ಯಾರಿಗೂ ಒಂದು ಮಾತು ಹೇಳದೆ ಹೋದರು ಅಂತ ಫೋನಿನಲ್ಲಿ ಕೇಳಿದ್ದೆ. ಉಮ್ಮನಿಗೆ ಒಂದು ಸಮಾಧಾನದ ಮಾತಾದರೂ ಆಡಬಾರದಿತ್ತೇ ಅಂತ ಆಗ ಸಿಟ್ಟೇ ಬಂದಿತ್ತು. ಅದೇ ಕ್ರಮ ಅಂತ ಇವತ್ತು ವಿಸ್ಮಿತಾ ಹೇಳಿ ಗೊತ್ತಾಯಿತು.

ಸಾತ್ವಿಕಾಳಿಗೆ ಫೋನು ಮಾಡಿ ನಿಜ ಹೇಳಿದೆ. ಪಾಪ, ಅತ್ತೇ ಬಿಟ್ಟಳು. "ತೆಗೆದುಬಿಡ್ತೀನಿ ಸರ್, ಈಗ್ಲೇ ತೆಗೀತೀನಿ." ತೆಗೆದಳು. ಅಷ್ಟರಲ್ಲಿ ಊರಿನ ಗ್ರೂಪುಗಳಲ್ಲೆಲ್ಲ ಅದು ಓಡಾಡಿಯಾಗಿತ್ತು.

ಹೋಗಿ ತಪ್ಪಾಯಿತು ಅನ್ನಬೇಕು. ಆದರೆ ಏನಂತ ಹೋಗುವುದು? ಬರ್ತೇನೆ ಅಂದದ್ದೇ ತಪ್ಪಾದರೆ, ಈಗ ಬಂದರೆ ಅದು ಸರಿಯಾಗುತ್ತದೋ, ಇನ್ನೂ ದೊಡ್ಡ ತಪ್ಪಾಗುತ್ತದೋ? ಸಮೀನಾ "ಹೋಗಿ" ಅಂದಳು. ವಿಸ್ಮಿತಾ "ಸ್ವಲ್ಪ ದಿನ ಬಿಡಿ" ಅಂದಳು. ದಮ್ಮಾಮಿಗೆ ಹೋಗಿಬಿಟ್ಟರೆ ಯಾವುದೂ ಬೇಡ ಅಂತಲೂ ಅನಿಸಿತು. ಅನಿಸಿದ್ದನ್ನು ಬರೆದಿದ್ದೇನೆ.

ಜನವರಿ 26, ಭಾನುವಾರ

ಬಂಟ್ವಾಳದ ಹತ್ತಿರದ ಒಂದು ಉರೂಸಿಗೆ ಮೈಸೂರಿನ ನಾಲ್ಕು ಜನರನ್ನು ಕರೆದುಕೊಂಡು ಹೋಗಿದ್ದೆ. ದರ್ಗಾದ ಎದುರು ನಿಂತು ಒಬ್ಬರು, "ಇಲ್ಲಿ ಮಲಗಿರೋರು ಯಾರು? ಎಲ್ಲಿಂದ ಬಂದೋರು?" ಅಂತ ಕೇಳಿದರು. ಯೆಮೆನ್ ಅನ್ನಲು ಬಾಯಿ ತೆರೆದೆ. ಭೂಮಿ, ನೀರು, ಆಕಾಶ ನೆನಪಾಯಿತು.

"ಗೊತ್ತಿಲ್ಲ. ಕೇಳುವ" ಅಂದೆ.

ತುಪ್ಪದ ಅನ್ನದ ಹಂಡೆಯ ಹತ್ತಿರ ಕುಳಿತಿದ್ದ ಇದಿನಬ್ಬಾಕನನ್ನು ಕೇಳಿದೆ. ನನ್ನ ತಂದೆಯ ಜೊತೆ ವ್ಯಾಪಾರ ಮಾಡಿದವರು. "ನನಗೂ ಪೂರ್ತಿ ಗೊತ್ತಿಲ್ಲ ಮಕ್ಕಳೇ, ಹಿರಿಯರು ಹೇಳಿದ್ದು ಇಷ್ಟು" ಅಂತ ಶುರು ಮಾಡಿದರು. ನಾಲ್ವರೂ ನೆಲದಲ್ಲಿ ಕುಳಿತು ಮುಕ್ಕಾಲು ಗಂಟೆ ಕೇಳಿದರು. ನಾನು ಅಷ್ಟು ಚೆಂದ ಮಾಡಿ ಹೇಳಿದ ಯಾವುದನ್ನೂ ಜನ ಹಾಗೆ ಕುಳಿತು ಕೇಳಿದ್ದಿಲ್ಲ. ಏನು ಕಾರಣವೋ.

ಹೊರಡುವಾಗ ಇದಿನಬ್ಬಾಕ ನನ್ನ ತೋಳು ಹಿಡಿದರು. "ಧರ್ಣಪ್ಪನ ಮಗ ಚಿದಾನಂದ ನಿನ್ನ ನಂಬರ್ ಕೇಳಿದ. ಕೊಟ್ಟಿದ್ದೇನೆ."

"ಯಾಕಂತೆ?"

"ನಾನು ಕೇಳಲಿಲ್ಲ. ಅವನ ಮುಖ ಸರಿ ಇರಲಿಲ್ಲ."

ಜನವರಿ 28

ಗೊತ್ತಿಲ್ಲದ ನಂಬರಿನಿಂದ ಮೂರು ಕರೆ. ಎತ್ತಲಿಲ್ಲ.

ಜನವರಿ 29

ಇನ್ನೆರಡು. ಮೊಬೈಲನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಸಮೀನಾ ತೆಗೆದು ನನ್ನ ಊಟದ ತಟ್ಟೆಯ ಪಕ್ಕ ಇಟ್ಟಳು.

ಜನವರಿ 30, ಗುರುವಾರ

ನೆರಿಯಕ್ಕೆ ಹೊರಟೆ. ಕಕ್ಕಿಂಜೆಯ ತನಕ ಹೋದೆ. ಹೋಟೆಲಿನಲ್ಲಿ ಚಹಾ ಕುಡಿಯುವಾಗ ಮಾಲೀಕ ನನ್ನನ್ನು ಎರಡೆರಡು ಸಲ ನೋಡಿ, "ವಿಡಿಯೋದಲ್ಲಿ ಇದ್ದದ್ದು ನೀವಲ್ವಾ?" ಅಂದ. ಅಲ್ಲ ಅನ್ನಬೇಕೆಂದಿದ್ದೆ, ಹೌದು ಅಂತ ಬಂತು. ಚಹಾ ಅರ್ಧಕ್ಕೆ ಬಿಟ್ಟು ಗಾಡಿ ತಿರುಗಿಸಿದೆ.

ಸಂಜೆ ಬಂಟ್ವಾಳದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಿದೆ. ಕಳ್ಳನ ಹಾಗೆ ಬಂದಿದೆ.

ಫೆಬ್ರವರಿ 2, ಭಾನುವಾರ

ಮೂಡುಬಿದಿರೆ. ಕಂಬ ಎಷ್ಟು ಅಂತ ಮತ್ತೆ ಕೇಳಿದರು. ಗೊತ್ತಿಲ್ಲ, ಕೇಳುವ ಅಂದೆ. ಬಸದಿಯಲ್ಲಿ ಗುಡಿಸುತ್ತಿದ್ದ ಅಕ್ಕ ಪೊರಕೆ ಬದಿಗಿಟ್ಟು ಬಂದು, ಕಂಬಗಳ ಕೆತ್ತನೆ ಒಂದೊಂದಾಗಿ ತೋರಿಸಿದರು. ಎರಡು ಕಂಬ ಒಂದೇ ತರ ಇಲ್ಲವಂತೆ. ನಾನೂ ನೋಡಿದೆ. ಇದುವರೆಗೆ ಎಷ್ಟು ಸಲ ಅಲ್ಲಿಗೆ ಹೋಗಿದ್ದೇನೆ, ನೋಡಿರಲಿಲ್ಲ.

ಫೆಬ್ರವರಿ 8, ಶನಿವಾರ

ಇವತ್ತು ಹೋದೆ. ಯಾಕೆ ಇವತ್ತು ಅಂದರೆ ಗೊತ್ತಿಲ್ಲ. ಬೆಳಿಗ್ಗೆ ಮತ್ತೆ ಅದೇ ಕರೆ ಬಂತು, ಎತ್ತದೆಯೇ ಗಾಡಿ ಹತ್ತಿದೆ. ಜುಬೈಲಿನಿಂದ ತಂದು ಉಳಿದಿದ್ದ ಖರ್ಜೂರದ ಒಂದು ಡಬ್ಬ ಸಮೀನಾ ಕೈಗೆ ಕೊಟ್ಟಳು.

ಗೇಟಿನಲ್ಲಿ ಫ್ಲೆಕ್ಸ್ ಇರಲಿಲ್ಲ, ಕಟ್ಟಿದ ಹಗ್ಗ ಮಾತ್ರ ಇತ್ತು. ಅಂಗಳದಲ್ಲಿ ಚಿದಾನಂದ ಒಣಗಲು ಹಾಕಿದ ಅಡಿಕೆ ಹರಗುತ್ತಿದ್ದ. ನನಗಿಂತ ಎರಡು ವರ್ಷ ಚಿಕ್ಕವನು, ಅವನ ತಂದೆಯದೇ ಹುಬ್ಬು.

"ನಿನಗೆ ಎಷ್ಟು ಸಲ ಫೋನು ಮಾಡುವುದು?"

"ಹೆದರಿಕೆ ಆಯಿತು."

"ಹೆದರಬೇಕಾದದ್ದೇ. ನನ್ನ ಅಪ್ಪನ ಬೊಜ್ಜವನ್ನು ಹಬ್ಬ ಅಂತ ಹೇಳಿದಿಯಲ್ಲ ಮಾರಾಯ. ಊರಿಡೀ ನೋಡಿದ್ದಾರೆ. ಭೂಮಿಯಂತೆ, ಆಕಾಶವಂತೆ! ನಿನಗೆ ನಿಜವಾಗಿಯೂ ಗೊತ್ತಿರಲಿಲ್ಲವಾ?"

"ಗೊತ್ತಿರಲಿಲ್ಲ."

"ಗೊತ್ತಿಲ್ಲದಿದ್ದರೆ ಕೇಳಬೇಕು. ಮುನ್ನೂರು ಜನ ಇದ್ದರು ಅಲ್ಲಿ."

"ಕೇಳಬೇಕಿತ್ತು. ತಪ್ಪಾಯಿತು ಚಿದಾನಂದ."

ಅವನು ಹಲ್ಲು ಕಚ್ಚಿ ನಿಂತ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಅಂತ ನಾನೂ ನಿಂತೆ. ಅವನು ಮುಖ ಆಚೆ ತಿರುಗಿಸಿ, "ಫೋನು ಮಾಡ್ಲಿಕ್ಕೆ ಹೇಳಿದ್ದು ಅಮ್ಮ. ನಾನಾಗಿ ಮಾಡಿದ್ದರೆ ಬೇರೆಯೇ ಮಾತಾಡ್ತಿದ್ದೆ" ಅಂದ. ಆಮೇಲೆ ಒಳಗೆ ಕೂಗಿದ: "ಅಮ್ಮಾ, ಬಂದ."

ಸೇಸಮ್ಮ ಗೋಡೆ ಹಿಡಿದುಕೊಂಡು ಜಗಲಿಗೆ ಬಂದರು. ಬಂದವರೇ ನನ್ನನ್ನು ನೋಡಿ ಮತ್ತೆ ಒಳಗೆ ಹೋದರು. ಹೊರಗೆ ಬಂದಾಗ ಅವರ ಕೈಯಲ್ಲಿ ತಟ್ಟೆ ಇತ್ತು, ತಟ್ಟೆಯಲ್ಲಿ ಬೆಲ್ಲ, ಚೆಂಬಿನಲ್ಲಿ ನೀರು. ಬೆಲ್ಲ ಎರಡು ತುಂಡು.

"ಅಸ್ರಪು ಅಲ್ವಾ? ಅವತ್ತೇ ಗೊತ್ತಾಗಿತ್ತು. ಮೊಯಿದಿನ್ ಬ್ಯಾರಿಯವರ ಮೂಗು" ಅಂದರು.

ನನಗೆ ಅಳು ಬಂತು. ನಲವತ್ತಾರು ವರ್ಷದವನು ಬೆಲ್ಲ ಬಾಯಲ್ಲಿಟ್ಟುಕೊಂಡು ಅತ್ತೆ ಅಂತ ಬರೆಯಲು ನನಗೇನೂ ನಾಚಿಕೆ ಇಲ್ಲ. "ಅಮ್ಮ, ಅವತ್ತು ನಾನು ಹಾಗೆ ಹೇಳಬಾರದಿತ್ತು" ಅಂದೆ.

"ಹೌದು, ಹೇಳಬಾರದು. ನನ್ನ ನಾದಿನಿ ಎರಡು ದಿನ ಅದನ್ನೇ ಜಪ ಮಾಡಿದಳು. ಇನ್ನು ನಿನ್ನ ಸರದಿ ಅಂತ ಹೇಳಿದ ಹಾಗಾಯಿತು ಅತ್ತಿಗೆ, ಅಂತ." ಸೇಸಮ್ಮ ಬೆಂಚಿನ ಮೇಲೆ ಕುಳಿತರು. "ಅವತ್ತು ಅಷ್ಟು ಜನ ಉಂಡರು. ಕೈ ತೊಳೆದರು, ಹೋದರು. ಒಬ್ಬರೂ ನನ್ನ ಮುಖ ನೋಡಲಿಲ್ಲ. ಕ್ರಮವೇ ಹಾಗೆ. ನಾನೂ ಎಷ್ಟು ಮನೆಗಳಿಂದ ಹಾಗೆ ಎದ್ದು ಬಂದಿದ್ದೇನೆ. ಆದರೆ ಈ ಬೆಂಚಿನಲ್ಲಿ ಕೂತು ನೋಡಿದರೆ ಗೊತ್ತಾಗ್ತದೆ ಅಸ್ರಪು, ಎಲ್ಲರೂ ಬೆನ್ನು ಹಾಕಿ ಹೋಗುವಾಗ ಹೇಗೆ ಆಗ್ತದೆ ಅಂತ. ಬರ್ತೇನೆ ಅಂದವ ನೀನೊಬ್ಬ."

ಉಳಿದ ಬೆಲ್ಲದ ತುಂಡನ್ನು ಜೇಬಿಗೆ ಹಾಕಿಕೊಂಡೆ.

"ಹೇಳಿ ಹೋದವ ಬರಬೇಕಲ್ಲ, ಅದಕ್ಕೆ ಫೋನು ಮಾಡಿಸಿದ್ದು. ಮೊದಲನೇ ಸಲ ಹೇಳಿ ಹೋದವ ಇಪ್ಪತ್ತನಾಲ್ಕು ವರ್ಷ ಮಾಡಿದಿ. ಅವರು ಇರುವಾಗ ಬರಲಿಲ್ಲ." ನೀರಿನ ಚೆಂಬನ್ನು ನನ್ನ ಕಡೆ ಸರಿಸಿದರು. "ಈ ಸಲ ಇಪ್ಪತ್ತು ದಿವಸ. ಅಡ್ಡಿಯಿಲ್ಲ, ಸುಧಾರಿಸಿದ್ದಿ."

ಅಂಗಳದಲ್ಲಿ ಚಿದಾನಂದ ನಕ್ಕನೋ ಕೆಮ್ಮಿದನೋ ಗೊತ್ತಾಗಲಿಲ್ಲ.

ಮಧ್ಯಾಹ್ನದ ತನಕ ಕುಳಿತಿದ್ದೆ. ಧರ್ಣಪ್ಪಣ್ಣ ಕೊನೆಯ ದಿನಗಳಲ್ಲಿ ಹೇಗಿದ್ದರು ಅಂತೆಲ್ಲ ಹೇಳಿದರು. ಬರುವ ಗುರುವಾರ ಬಂದರೆ ಅಷ್ಟರಲ್ಲಿ ಕರಿಮೆಣಸು ಒಣಗಿರುತ್ತದೆ, ಸಮೀನಾಳಿಗೆ ಒಂದಷ್ಟು ಕೊಂಡುಹೋಗು, ಮಗಳನ್ನೂ ಕರೆದುಕೊಂಡು ಬಾ ಅಂದರು.

ಹೊರಟು ಅಂಗಳಕ್ಕೆ ಇಳಿದವನು ಅಲ್ಲೇ ನಿಂತೆ. ಹೇಳಬೇಕೋ, ಹೇಳಬಾರದೋ? ಬೊಜ್ಜ ಕಳೆದು ತಿಂಗಳಾಗದ ಮನೆ. ಜಗಲಿಯ ಕಡೆ ನೋಡಿದೆ, ಸೇಸಮ್ಮ ಕಾಯುತ್ತಿದ್ದರು. ಗೇಟಿನ ಕಡೆ ನೋಡಿದೆ. ಚಿದಾನಂದ ತಲೆ ಎತ್ತದೆ ಅಡಿಕೆ ಹರಗುತ್ತಲೇ, "ಹೇಳಿ ಹೋಗು" ಅಂದ.

ಹೇಳಿದೆ.

ಫೆಬ್ರವರಿ 11, ಮಂಗಳವಾರ

ಪೇಜಿನಲ್ಲಿ ಭಾನುವಾರದ ಟೂರಿನವರು ಒಂದು ಮಾತು ಬರೆದಿದ್ದಾರೆ ಅಂತ ಶಹಲಾ ಓದಿ ಹೇಳಿದಳು: 'ಈ ಗೈಡಿಗೆ ಏನೂ ಗೊತ್ತಿಲ್ಲ. ಆದರೆ ಊರಿನವರನ್ನೆಲ್ಲ ಮಾತಾಡಿಸಿಕೊಡ್ತಾರೆ.' ಐದರಲ್ಲಿ ನಾಲ್ಕು ನಕ್ಷತ್ರ. ಅವಳಿಗೆ ಖುಷಿ. ನನಗೆ ಸಿಟ್ಟು ಬಂತು. ಒಂದು ನಕ್ಷತ್ರ ಯಾಕೆ ಕಡಿಮೆ?

ಇಮ್ತಿಯಾಝ್ ಫೋನು ಮಾಡಿದ್ದ. ಹೋಗುವುದೋ ಬಿಡುವುದೋ ನನಗೆ ಇನ್ನೂ ಸರಿಯಾಗಿ ತಿಳಿಯುತ್ತಿಲ್ಲ, ತಲೆ ಮೊದಲಿನ ಹಾಗೆಯೇ ಕಲಸಿಹೋಗಿದೆ. ಮೆಡಿಕಲ್ಲನ್ನು ಶುಕ್ರವಾರಕ್ಕೆ ಮಾಡಿಸಲು ಆಗುತ್ತದಾ ಅಂತ ಕೇಳಿದೆ. ಆಗುವುದಿಲ್ಲ, ಗುರುವಾರವೇ, ಅವತ್ತು ಬರದಿದ್ದರೆ ಬೇರೆಯವನು ಅಂದ.

"ಗುರುವಾರ ಮಾತ್ರ ಆಗುವುದಿಲ್ಲ ಮಾರಾಯ" ಅಂದೆ. "ಗುರುವಾರ ನನಗೆ ನೆರಿಯಕ್ಕೆ ಹೋಗ್ಲಿಕ್ಕುಂಟು. ಹೇಳಿ ಬಂದಿದ್ದೇನೆ."